ಚಾರ್ಜ್ ಇಳಿಯುತ್ತಿದ್ದ ಮಧ್ಯಾಹ್ನ

ಬೀಡಿ ಕಟ್ಟುವ ಕೆಲಸ ಕಡಿಮೆಯಾಗುತ್ತ ಬಂದ ಮೇಲೆ ನಾನು ರಿಕ್ಷಾ ಓಡಿಸಲು ಕಲಿತೆ. ಅಳದಂಗಡಿಯಿಂದ ಬೆಳ್ತಂಗಡಿಗೆ ಸರ್ವಿಸ್, ಎಂದರೆ ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಂಡು ಹೋಗುವುದು. ನನ್ನದು ಬ್ಯಾಟರಿ ರಿಕ್ಷಾ. ಗೇರು, ಕ್ಲಚ್ಚು ಇಲ್ಲದ್ದರಿಂದ ಓಡಿಸುವುದು ಬೇಗ ಬಂತು. ಹೆದರಿಕೆ ಮಾತ್ರ ಬೇಗ ಹೋಗಲಿಲ್ಲ. ಚಾರ್ಜ್ ತೋರಿಸುವ ಸಣ್ಣ ಪರದೆಯೊಂದು ಎದುರಿಗಿದೆ. ನನ್ನ ಕಣ್ಣು ರಸ್ತೆಯಷ್ಟೇ ಅದರ ಮೇಲೂ ಇರುತ್ತಿತ್ತು. ಪೆಟ್ರೋಲ್ ಮುಗಿದರೆ ಯಾರಾದರೂ ಬಾಟ್ಲಿಯಲ್ಲಿ ತಂದು ಕೊಟ್ಟಾರು. ಚಾರ್ಜ್ ಮುಗಿದರೆ ಯಾರನ್ನು ಕೇಳುವುದು?

ಅದು ಮಳೆಗಾಲಕ್ಕೆ ಮೊದಲಿನ ಗಾಳಿಮಳೆಯ ಸಮಯ. ಹಿಂದಿನ ಸಂಜೆ ಬೀಸಿದ ಗಾಳಿಗೆ ಎಲ್ಲೆಲ್ಲೋ ಮರ ಬಿದ್ದು, ತಂತಿ ಹರಿದು, ಊರಿಗೆ ಊರೇ ಕರೆಂಟಿಲ್ಲದೆ ಕೂತಿತ್ತು. ಬೆಳಿಗ್ಗೆ ಉಳಿದಿದ್ದ ಚಾರ್ಜಿನಲ್ಲೇ ಎರಡು ಬಾಡಿಗೆ ಮಾಡಿದೆ. ಮಧ್ಯಾಹ್ನ ಪೇಟೆಗೆ ಹೋಗಿಬಿಟ್ಟರೆ ಅಲ್ಲಿ ಕರೆಂಟು ಬಂದಿರುತ್ತದೆ, ಚಾರ್ಜಿಗೆ ಹಾಕಬಹುದು ಎಂದು ಹೊರಟೆ. ಹಿಂದಿನ ಸೀಟಿನಲ್ಲಿ ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ, ನನ್ನ ಪಕ್ಕದಲ್ಲಿ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇರುವ ಬ್ಯಾರಿ ಹಿರಿಯರು, ನಾವೆಲ್ಲ ಕಾಕ ಎಂದು ಕರೆಯುವವರು. ಒಂದು ಕಡೆ ದೊಡ್ಡ ಮರವೊಂದು ರಸ್ತೆಗೆ ಅಡ್ಡ ಬಿದ್ದು ಬಸ್ಸು, ಕಾರು ಎಲ್ಲ ನಿಂತಿದ್ದವು. ಕೊಂಬೆಯ ಕೆಳಗೆ ಚರಂಡಿಯ ಅಂಚಿನಲ್ಲಿ ರಿಕ್ಷಾ ನುಸುಳುವಷ್ಟು ಜಾಗವಿತ್ತು. ಕಾಕ ಇಳಿದು ಕೊಂಬೆ ಎತ್ತಿ ಹಿಡಿದರು, ನಾನು ದಾಟಿಸಿದೆ.

ಅಲ್ಲಿಂದ ಸ್ವಲ್ಪ ಮುಂದೆ ಒಬ್ಬ ಗಂಡಸು ರಸ್ತೆಯ ನಡುವಿಗೇ ಓಡಿಬಂದ. ನಾನು ಗಕ್ಕನೆ ನಿಲ್ಲಿಸಿದೆ. ಬದಿಯ ಕಟ್ಟೆಯ ಮೇಲೆ ಅವನ ಹೆಂಡತಿ ಒರಗಿ ಕೂತಿದ್ದಳು. ಗಾಳಿಗೆ ಸೀಳಿದ್ದ ಕೊಂಬೆಯೊಂದು ಜೇನುಗೂಡಿನೊಂದಿಗೆ ಕಳಚಿ ಬಿದ್ದು, ಅಂಗಳ ಗುಡಿಸುತ್ತಿದ್ದವಳ ಮೇಲೆ ಹೆಜ್ಜೇನು ಎರಗಿತ್ತು. ಮುಖ ಬಾತು ಕಣ್ಣುಗಳೇ ಕಾಣುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು.

"ಅಕ್ಕ, ಆಂಬುಲೆನ್ಸಿಗೆ ಫೋನೇ ಹೋಗುದಿಲ್ಲ. ಟವರ್ ಇಲ್ಲ. ಆಸ್ಪತ್ರೆಗೆ ಬಿಡ್ತೀರಾ?"

ನಾನು ಪರದೆ ನೋಡಿದೆ. ಅದರಲ್ಲಿ ಕೆಂಪು ಗೆರೆ ಬಂದಾಗಿತ್ತು. "ಚಾರ್ಜ್ ಕಡಿಮೆ ಉಂಟು ಅಣ್ಣ. ಪೂರ್ತಿ ಹೋಗ್ತದಾ ಗೊತ್ತಿಲ್ಲ."

"ಬೇರೆ ಗಾಡಿ ಎಲ್ಲಿಂದ ಬರ್ತದೆ ಈಗ?" ಎಂದರು ಕಾಕ. "ಹತ್ತಿಸು ಮಗಳೇ. ಹೋದಷ್ಟು ದೂರ ಹೋಗುವ."

ಬೇರೆ ರಿಕ್ಷಾದಲ್ಲಾದರೆ ಇಂಜಿನ್ನಿನ ಗಲಾಟೆಯಲ್ಲಿ ಹಿಂದೆ ಕೂತವರ ಮಾತೂ ಕೇಳುವುದಿಲ್ಲ. ನನ್ನದರಲ್ಲಿ ಅವಳ ಉಸಿರು ಕೇಳುತ್ತಿತ್ತು. ಒಳಗೆ ಎಳೆದುಕೊಳ್ಳುವಾಗ ಸಣ್ಣಗೆ ಸೀಟಿಯಂತೆ, ಬಿಡುವಾಗ ಗೊರಗೊರ. ನನ್ನ ಎರಡು ಭುಜಗಳ ನಡುವೆಯೇ ಯಾರೋ ಉಸಿರಾಡುತ್ತಿರುವಂತೆ. ಜೋರಾಗಿ ಹೋದರೆ ಚಾರ್ಜ್ ಬೇಗ ಇಳಿಯುತ್ತದೆ, ನಿಧಾನ ಹೋದರೆ ಅವಳಿಗೆ ಸಮಯವಿಲ್ಲ. ಹ್ಯಾಂಡಲ್ ತಿರುಗಿಸುವ ಕೈಗೆ ಎಷ್ಟು ತಿರುಗಿಸಬೇಕೆಂದೇ ತಿಳಿಯಲಿಲ್ಲ. ಬೆವರಿಗೆ ಅದು ಜಾರುತ್ತಿತ್ತು.

ಗಂಡ ಅವಳೊಡನೆ ಮಾತಾಡುತ್ತಲೇ ಇದ್ದ. "ಇಗೋ ಬಂತು, ಇಗೋ ಬಂತು." ಏನೂ ಬಂದಿರಲಿಲ್ಲ. ಎರಡೂ ಕಡೆ ರಬ್ಬರ್ ತೋಟ, ಮುಂದೆ ಒದ್ದೆ ರಸ್ತೆ.

ಆಮೇಲೆ ಸೀಟಿಯ ಸದ್ದು ನಿಂತಿತು.

"ಅಕ್ಕಾ, ಇವರು ಅಲ್ಲಾಡುದಿಲ್ಲ!" ಹುಡುಗಿ ಕಿರುಚಿದಳು.

ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹೆಣವನ್ನು ಹೊತ್ತುಕೊಂಡು ಹೋಗುತ್ತಿದ್ದೇನೆಂದು ಅನಿಸಿತು. ಕಾಕ ಅರ್ಧ ಎದ್ದು ಹಿಂದಕ್ಕೆ ಬಾಗಿ ಅವಳ ಮೂಗಿನ ಬಳಿ ಕೈ ಹಿಡಿದರು. "ಉಸಿರುಂಟು. ನೀನು ಮುಂದೆ ನೋಡು," ಎಂದರು.

ಗುರುವಾಯನಕೆರೆಗಿಂತ ಮೊದಲು ಬರುವ ಒಂದು ಏರಿನಲ್ಲಿ ರಿಕ್ಷಾ ತಾನಾಗಿ ನಿಧಾನವಾಯಿತು. ಚಾರ್ಜ್ ತೀರಾ ಇಳಿದರೆ ಅದು ಹಾಗೆಯೇ, ಎಷ್ಟು ತಿರುಗಿಸಿದರೂ ನಡಿಗೆಯ ವೇಗದಲ್ಲಿ ತೆವಳುತ್ತದೆ. ಹಿಂದಕ್ಕೆ ಜಾರಿದರೆ ಒತ್ತಲೆಂದು ನಾನು ಬ್ರೇಕಿನ ಬಳಿಯೇ ಕಾಲಿಟ್ಟುಕೊಂಡಿದ್ದೆ. ಯಾರೂ ಹೇಳದೆ ಕಾಕ ಕೆಳಗೆ ಹಾರಿದರು, ಅವರ ಹಿಂದೆ ಹುಡುಗಿ. ಪುಸ್ತಕದ ಚೀಲ ಬೆನ್ನಿಗಿದ್ದಂತೆಯೇ ಅವಳು ಹಿಂದಿನಿಂದ ತಳ್ಳಿದಳು. ಕಾಕ ಬಿಳಿ ಮುಂಡು ಎತ್ತಿ ಕಟ್ಟಿ ತಳ್ಳುತ್ತಿದ್ದುದು ಕನ್ನಡಿಯಲ್ಲಿ ಕಂಡಿತು. ಗಂಡನೂ ಇಳಿಯಲು ನೋಡಿದ. "ನೀವು ಅವರನ್ನು ಬಿಡಬೇಡಿ!" ಎಂದು ನಾನು ಗದರಿದೆ.

ಏರು ಮುಗಿದ ಮೇಲೆ ಇಳಿಜಾರು. ಇಬ್ಬರೂ ಓಡಿಬಂದು ಹತ್ತಿಕೊಂಡರು. ಬೆಳ್ತಂಗಡಿಯ ಅಂಗಡಿಗಳು ಕಾಣಿಸಿದವು. ಆಸ್ಪತ್ರೆ ಇನ್ನೇನು ಸಿಕ್ಕಿತು ಎನ್ನುವಾಗ ಪರದೆ ಕಪ್ಪಾಗಿ ರಿಕ್ಷಾ ನಿಂತಿತು. ನಾನು ಬೀದಿಯಲ್ಲಿ ನಿಂತು ಬೊಬ್ಬೆ ಹೊಡೆದೆ. ಏನೆಂದು ಕೂಗಿದೆನೋ ನನಗೆ ನೆನಪಿಲ್ಲ. ಹಿಂದೆ ಬರುತ್ತಿದ್ದ ರಿಕ್ಷಾದವನೊಬ್ಬ, "ಎಂತಾಯ್ತು ಮಾರಾಯ್ತಿ?" ಎಂದು ಕೇಳುತ್ತಲೇ ಒಳಗೆ ಇಣುಕಿದ. "ನೀನು ಹ್ಯಾಂಡಲ್ ಹಿಡಿ" ಎಂದವನೇ ತನ್ನ ರಿಕ್ಷಾದಲ್ಲಿ ಕೂತು, ಒಂದು ಕಾಲನ್ನು ನನ್ನ ರಿಕ್ಷಾದ ಹಿಂಭಾಗಕ್ಕೆ ಕೊಟ್ಟು ತಳ್ಳಿಕೊಂಡು ಹೊರಟ. ಹಾರ್ನ್ ಹೊಡೆಯುತ್ತ ಅವನು, ಹ್ಯಾಂಡಲ್ ಮಾತ್ರ ಹಿಡಿದ ನಾನು. ಹಾಗೆಯೇ ಆಸ್ಪತ್ರೆಯ ಗೇಟು ದಾಟಿದೆವು.

ಅವಳನ್ನು ಒಳಗೆ ಒಯ್ದು ಇಂಜೆಕ್ಷನ್ ಕೊಟ್ಟರು, ಆಮ್ಲಜನಕ ಹಾಕಿದರು. ನಾವೆಲ್ಲ ಹೊರಗಿನ ಬೆಂಚಿನಲ್ಲಿ ಕೂತೆವು. ಹುಡುಗಿಯ ತರಗತಿ ಯಾವಾಗಲೋ ತಪ್ಪಿತ್ತು. ಕಾಕ ಅಂಗಡಿ ತೆರೆಯಲು ಹೋಗಲಿಲ್ಲ. ಅವರು ತಂದುಕೊಟ್ಟ ಚಹಾ ನನ್ನ ಕೈಯಲ್ಲೇ ಆರಿಹೋಯಿತು. ಕೊನೆಗೆ ನರ್ಸಮ್ಮ ಬಾಗಿಲು ಸರಿಸಿ, "ಈಗ ಪರವಾಗಿಲ್ಲ, ಮಾತಾಡ್ತಾ ಇದ್ದಾರೆ," ಎಂದಾಗ ಗಂಡ ನೆಲಕ್ಕೆ ಕುಸಿದು ಕೂತು ಅತ್ತ. ನನಗೆ ಅಳು ಬರಲಿಲ್ಲ. ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಅದಾದ ಮೇಲೆ ಕೆಲವು ದಿನ ರಿಕ್ಷಾ ಮುಟ್ಟಲಿಲ್ಲ. ಮತ್ತೆ ಶುರು ಮಾಡಿದ್ದು ಮನೆಯಲ್ಲಿ ಕೂತರೆ ನಡೆಯುವುದಿಲ್ಲವೆಂದು, ಧೈರ್ಯ ಬಂದಿತ್ತೆಂದಲ್ಲ. ಈಗ ಚಾರ್ಜ್ ಅರ್ಧಕ್ಕೆ ಇಳಿದರೆ ಬಾಡಿಗೆ ಒಪ್ಪುವುದಿಲ್ಲ. ಕೆಲವರು ಬೈಯುತ್ತಾರೆ, ಬೈಯಲಿ.

ಮಳೆಗಾಲ ಮುಗಿದ ಮೇಲೊಮ್ಮೆ ಒಬ್ಬ ಹೆಂಗಸು ದಾರಿಯಲ್ಲಿ ಕೈ ತೋರಿಸಿ ಹತ್ತಿದಳು. ಉದ್ದ ಮುಖ, ದೊಡ್ಡ ಕಣ್ಣು. ಪೇಟೆ ಹತ್ತಿರವಾಗುವಾಗ ಕೇಳಿದಳು, "ಅಕ್ಕ, ನನ್ನ ಗುರ್ತ ಸಿಕ್ಕಲಿಲ್ವಾ?"

ಸಿಕ್ಕುವುದಾದರೂ ಹೇಗೆ? ಅವಳ ಕಣ್ಣನ್ನು ನಾನು ನೋಡಿದ್ದು ಅದೇ ಮೊದಲು.