ಕೊಬ್ಬರಿಯಲ್ಲಿ ಉಪ್ಪುನೀರು

ಶಕುನ, ಸೂಚನೆ, ಕನಸಿನಲ್ಲಿ ಬಂದು ಎಚ್ಚರಿಸುವ ಹಿರಿಯರು, ಇವುಗಳ ಕಥೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ವಿಮಾನದ ಎಂಜಿನ್ ಬಿಚ್ಚಿ ಜೋಡಿಸುತ್ತಲೇ ಅರ್ಧ ಆಯಸ್ಸು ಕಳೆದವನು ನಾನು. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಕ್ಕುತ್ತದೆ ಎಂದು ನಂಬಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು. ನಕ್ಕವರನ್ನು ಸಾಕಷ್ಟು ನೋಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನಿದ್ದ ವಿಮಾನ ಕಂಪನಿಗೆ ಕಡಲು ದಾಟುವ ಆಸೆ ಹುಟ್ಟಿತು. ದೊಡ್ಡ ವಿಮಾನ ಕೊಳ್ಳುವ ತಾಕತ್ತಿಲ್ಲ. ಊರಿಂದೂರಿಗೆ ಹಾರುತ್ತಿದ್ದ, ನಡುವೆ ಒಂದೇ ಓಣಿಯಿರುವ ಸಣ್ಣ ವಿಮಾನಗಳನ್ನೇ ದೂರದ ದ್ವೀಪಗಳಿಗೆ ಕಳಿಸುವುದೆಂದು ತೀರ್ಮಾನವಾಯಿತು. ನೆಲದ ಮೇಲೆ ಹಾರುವಾಗ ಒಂದು ಎಂಜಿನ್ ನಿಂತರೆ ಹತ್ತಿರದ ಊರಿನಲ್ಲಿ ಇಳಿಸಬಹುದು. ಕಡಲ ಮೇಲೆ ಹಾಗಲ್ಲ, ಉಳಿದ ಒಂದೇ ಎಂಜಿನ್ ಗಂಟೆಗಟ್ಟಲೆ ದುಡಿದು ದಡ ಮುಟ್ಟಿಸಬೇಕು. ಹಾಗಾಗಿ ತಯಾರಿ ಜೋರಾಗಿತ್ತು. ಗಾಳಿ ತುಂಬಿಕೊಳ್ಳುವ ದೋಣಿಗಳು ಬಂದವು, ಹೊಸ ರೇಡಿಯೊ ಬಂತು. ಜೊತೆಗೆ ಒಂದು ನಿಯಮವೂ ಬಂತು: ಎರಡೂ ಎಂಜಿನ್‌ಗೆ ಒಬ್ಬನೇ ಕೈ ಹಾಕಬಾರದು. ಒಂದು ಕಡೆ ಮಾಡಿದ ತಪ್ಪನ್ನೇ ಅವನು ಇನ್ನೊಂದು ಕಡೆಯೂ ಮಾಡಿದರೆ ಎಲ್ಲರ ಕಥೆ ಮುಗಿಯಿತು. ಅನಿವಾರ್ಯವಾಗಿ ಒಬ್ಬನೇ ಮಾಡಿದ್ದರೆ, ಇನ್ನೊಬ್ಬ ಕಣ್ಣಾರೆ ನೋಡಿ ಸಹಿ ಹಾಕಬೇಕು.

ಮೊದಲ ಹಾರಾಟಕ್ಕೆ ಗೊತ್ತು ಮಾಡಿದ್ದ ವಿಮಾನದಲ್ಲಿ, ಜನ ಸಾಲದೆ, ಒಬ್ಬನೇ ಮೆಕ್ಯಾನಿಕ್ ಎರಡೂ ಎಂಜಿನ್‌ಗಳಲ್ಲಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಬದಲಿಸಿದ್ದ. ನಾನು ಆಗ ರಜೆಯಲ್ಲಿ ಹೊನ್ನವಳ್ಳಿಯ ಅಣ್ಣನ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿದರು.

"ನಾಳೆ ಬಂದು, ನೋಡಿದೀನಿ ಅಂತ ಸಹಿ ಹಾಕಿಬಿಡಿ. ಮತ್ತೆ ಬಿಚ್ಚಿ ತೋರಿಸೋಕೆ ಟೈಮಿಲ್ಲ ಕಣ್ರೀ. ಹಾರ, ಬ್ಯಾಂಡು ಎಲ್ಲ ಹೇಳಿಯಾಗಿದೆ."

ಹಾಕದಿದ್ದರೆ ಏನಾಗುತ್ತದೆಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. "ಆಗಲಿ ಸಾರ್" ಎಂದೆ. ಆ ಮೆಕ್ಯಾನಿಕ್ ಒಳ್ಳೆಯ ಕೆಲಸಗಾರ, ನನಗೆ ಕೆಲಸ ಬೇಕು, ಮತ್ತೇನು ಯೋಚಿಸುವುದಿದೆ ಎಂದುಕೊಂಡೆ.

ಅಂದು ಹಿತ್ತಲಲ್ಲಿ ಕೊಬ್ಬರಿ ಕೆಲಸ ನಡೆದಿತ್ತು. ನಮ್ಮ ಕಡೆ ಬಲಿತ ಕಾಯಿಯನ್ನು ಹೆಚ್ಚುಕಮ್ಮಿ ವರ್ಷ ಅಟ್ಟದ ಮೇಲೆ ಬಿಟ್ಟಿರುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅಣ್ಣ ಒಂದೊಂದನ್ನೇ ಅಲ್ಲಾಡಿಸಿ ನೋಡಿ, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಿದ್ದ. ಅತ್ತಿಗೆ ಅವನ್ನು ಆರಿಸಿ ಚೀಲಕ್ಕೆ ಹಾಕುತ್ತಿದ್ದರು. ಬಾಯಾಡಿಸೋಣವೆಂದು ನಾನೊಂದು ಉಂಡೆ ತೆಗೆದುಕೊಂಡು ಚಾಕುವಿನಿಂದ ಸೀಳಿದೆ. ನೀರು ಸುರಿಯಿತು.

ಒಂದೆರಡು ಹನಿಯಲ್ಲ, ಎಳನೀರು ಕೊಚ್ಚಿದ ಹಾಗೆ ಸುರಿದು ಮೊಣಕೈವರೆಗೂ ನೆನೆಸಿತು. ಕೊಳೆತ ಕಾಯಿಯ ನಾತವಿರಲಿಲ್ಲ, ನೀರು ತಿಳಿಯಾಗಿತ್ತು. ಬೆರಳು ನೆಕ್ಕಿದೆ, ಉಪ್ಪು. ಅಡುಗೆಮನೆಯ ಉಪ್ಪಲ್ಲ, ಗಂಟಲಿಗೆ ಇಳಿಯುವಾಗ ಕಹಿಯಾಗುವ ಕಡಲಿನ ಉಪ್ಪು. ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಸಮುದ್ರಕ್ಕಿಳಿದು ಆ ನೀರು ಕುಡಿದದ್ದುಂಟು, ಮರೆಯುವ ರುಚಿಯಲ್ಲ ಅದು. ಏನೂ ಹೇಳದೆ ಅತ್ತಿಗೆಯ ಮುಂದೆ ಹಿಡಿದೆ. ಅವರು ಸಮುದ್ರವನ್ನು ಕಂಡವರೇ ಅಲ್ಲ. ನಾಲಿಗೆಗೆ ಮುಟ್ಟಿಸಿಕೊಂಡು ಥೂ ಎಂದು ಉಗಿದರು.

"ಉಪ್ಪು ಕಣಪ್ಪ! ಕಹಿ ಬೇರೆ. ಇದ್ರೊಳಕ್ಕೆ ಯಾರು ಹುಯ್ದೋರು?"

ಅಣ್ಣ ತಲೆಯೆತ್ತಲಿಲ್ಲ. "ಕೆಟ್ಟಿರ್ಬೇಕು ಬುಡ್ಲಾ, ಎಸಿ ಅತ್ಲಾಗೆ."

ಎಸೆದೆ. ಆದರೆ ಕಾಯಿ ಕೆಟ್ಟರೆ ನೀರು ಕೊಳೆಯುತ್ತದೆ, ಕಡಲಾಗುವುದಿಲ್ಲ. ಅಣ್ಣ ಅಲ್ಲಾಡಿಸಿದಾಗ ಅದೂ ಉಳಿದವುಗಳಂತೆ ಒಣಗಿದ ಸದ್ದೇ ಮಾಡಿತ್ತು. ಕಡಲು ದಾಟಲಿದ್ದ ಆ ವಿಮಾನ ರಾತ್ರಿಯೆಲ್ಲ ಕಣ್ಣಮುಂದಿತ್ತು. ಮರುದಿನ ಮ್ಯಾನೇಜರ್ ಎದುರು ನಿಂತು, ಬಿಚ್ಚಿ ನೋಡದೆ ಸಹಿ ಹಾಕಲಾರೆ ಎಂದೆ. ನಿಯಮದ ಮಾತಾಡಿದೆ, ಕೊಬ್ಬರಿಯ ಮಾತೆತ್ತಲಿಲ್ಲ.

ವಿಮಾನಕ್ಕೆ ಏನಾಯಿತು ಎಂದು ನೀವು ಕಾಯುತ್ತಿರಬಹುದು. ಏನೂ ಆಗಲಿಲ್ಲ. ನನ್ನ ಪಕ್ಕದ ಮೇಜಿನವನು ಚಹಾ ಕುಡಿಯುತ್ತಲೇ ಸಹಿ ಹಾಕಿದ. ವಿಮಾನ ಬ್ಯಾಂಡು ಬಾರಿಸಿಕೊಂಡು ಹೋಯಿತು, ಸುಖವಾಗಿ ವಾಪಸು ಬಂತು. ಇಂದಿಗೂ ಹೋಗಿಬರುತ್ತಿದೆ. ಸಹಿ ಹಾಕಿದವನು ನನ್ನ ಕುರ್ಚಿಯಲ್ಲಿ ಕೂತ. ನನ್ನನ್ನು ಮೊದಲು ಉಗ್ರಾಣಕ್ಕೆ ಹಾಕಿದರು, ಆಮೇಲೆ ಮನೆಗೆ ಕಳಿಸಿದರು. ಬೇರೆ ಕಂಪನಿಗಳ ಬಾಗಿಲು ತಟ್ಟಿದೆ. ತಕರಾರಿನ ಮನುಷ್ಯ ಎಂಬ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಈಗ ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಅಷ್ಟು ಜನ ಬದುಕಿದ್ದಾರೆಂದು ಸಂತೋಷಪಡಬೇಕಾದವನು, ವಿಮಾನದ ಸದ್ದು ಕೇಳಿದರೆ ಹಲ್ಲು ಕಡಿಯುತ್ತೇನೆ. ಇಂಥ ಹೊಟ್ಟೆಯುರಿ ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ.

ಹೀಗಿರುವಾಗ ಅಣ್ಣನ ಮಗಳಿಗೆ ಹೆರಿಗೆ ಹತ್ತಿರ ಬಂತು. ಅವಳ ಗಂಡ ಆ ದ್ವೀಪಗಳಲ್ಲೊಂದರಲ್ಲಿ ಹೋಟೆಲ್ ಅಡುಗೆಯವನು, ಅವಳೂ ಅಲ್ಲೇ ಇದ್ದಳು. ಬಾಣಂತನಕ್ಕೆ ಅತ್ತಿಗೆ ಹೊರಟರು. ಟಿಕೆಟ್ ನೋಡಿದರೆ ಅದೇ ಕಂಪನಿ, ಅದೇ ಸಣ್ಣ ವಿಮಾನ. ಹೊರಡುವ ಮುನ್ನ ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದರು.

"ಆವತ್ತು ಆ ನೀರ್ನ ನಾನೂ ನೆಕ್ಕಿವ್ನಿ ಕಣಪ್ಪ. ಅದ್ಕೇ ನೀನು ಸಯಿ ಹಾಕ್ಲಿಲ್ಲ ಅಂತ ನಂಗೊತ್ತು. ಹೋಗ್ಲಾ, ಬ್ಯಾಡ್ವಾ? ನೀನೇ ಹೇಳು."

ಆ ಸೀಲುಗಳು ಎಂದೋ ಬದಲಾಗಿವೆ. ಎಂಜಿನ್ನುಗಳನ್ನು ಎಷ್ಟು ಸಲ ಬಿಚ್ಚಿದ್ದಾರೋ. ನಾನು ಕಲಿತ ವಿದ್ಯೆಯ ಪ್ರಕಾರ ಹೆದರಲು ಕಾರಣವೇ ಇಲ್ಲ. ಬೇಡವೆಂದರೆ ಆ ಹುಡುಗಿ ಪರದೇಶದಲ್ಲಿ ತಾಯಿ ಜೊತೆಗಿಲ್ಲದೆ ಹೆರಬೇಕು. "ಹೋಗಿಬನ್ನಿ ಅತ್ತಿಗೆ, ಏನೂ ಆಗಲ್ಲ" ಎಂದೆ. ಗುರುತಿಲ್ಲದ ಜನಕ್ಕಾಗಿ ಹಾಕದೆ ಉಳಿಸಿದ ಸಹಿಯನ್ನು ಮನೆಯವರ ಮೇಲೆಯೇ ಹಾಕಿಬಿಟ್ಟೆ. ನೋಡದೆಯೇ ಹಾಕಿದೆ.

ಅವರು ಸುಖವಾಗಿ ತಲುಪಿದರು. ಮಗು ಹೆಣ್ಣು. ಬರುವ ವಾರ ಅದೇ ಕಡಲಿನ ಮೇಲೆ ಹಾರಿ ವಾಪಸು ಬರುತ್ತಾರೆ. ಆ ನೀರು ಎಲ್ಲಿಂದ ಬಂತು, ಯಾರಿಗೆಂದು ಬಂತು, ನನಗಿನ್ನೂ ತಿಳಿದಿಲ್ಲ. ಕರೆತರಲು ನಾನೇ ಅದೇ ವಿಮಾನ ಹತ್ತಿ ಅಲ್ಲಿಗೆ ಹೋಗುತ್ತೇನೆಂದು ಅಣ್ಣನಿಗೆ ಹೇಳಿದೆ. ಏನೂ ಆಗಲ್ಲ ಅಂದೋನು ನೀನೇ ಅಲ್ವೇನ್ಲಾ ಎಂದು ಅವನು ಕೇಳಿದ.