ನೆರಳಿನ ನಡಿಗೆಗೆ ಬರಬೇಕಾದ ಕೂಲಿ

ನಡಿಗೆಯಕ್ಕನಿಗೆ ಸರಣಿಯ ಎರಡನೆಯ ಕಂತಿಗೆ ಚಿತ್ರ ಬರೆದ ಕೂಲಿ ಇನ್ನೂ ಬಂದಿಲ್ಲ. ಕೆಲಸ ಮುಗಿಸಲಿಲ್ಲ ಅಂತಲ್ಲ, ತಡ ಮಾಡಿದಳು ಅಂತಲೂ ಅಲ್ಲ. ತಾನೇ ಬರೆದ ಚಿತ್ರವನ್ನು ಚೆನ್ನಾಗಿದೆ ಅನ್ನಲಿಲ್ಲ, ಅದಕ್ಕೆ.

ಅನಿಮೇಷನ್ ಕಂಪನಿಯೊಂದರಲ್ಲಿ ನಡುವಿನ ಚಿತ್ರ ಬರೆಯುವುದು ಅವಳ ಕಸುಬು. ಮನುಷ್ಯ ಕಾಲೆತ್ತಿದ ಚಿತ್ರ ಒಂದು, ಕಾಲೂರಿದ ಚಿತ್ರ ಒಂದು ಮೇಲಿನಿಂದ ಬರುತ್ತವೆ. ಇವೆರಡರ ನಡುವೆ ಕಾಲು ಹೇಗೆ ಹೋಯಿತು ಅನ್ನುವುದೆಲ್ಲ ಇವಳ ಪೆನ್ಸಿಲ್ಲಿಗೆ ಬಿಟ್ಟದ್ದು. ಟೈರ್ ಅಂಗಡಿಯ ಮೇಲಿನ ಮಹಡಿ, ಹಗಲಲ್ಲೂ ಎಳೆದ ಪರದೆ, ಸಾಲಾಗಿ ಗಾಜಿನ ಮೇಜು, ಗಾಜಿನ ಅಡಿಯಲ್ಲಿ ದೀಪ. ಹಾಳೆಗಳನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಪಟಪಟ ಮಗುಚಿದರೆ ಮನುಷ್ಯ ನಡೆಯಬೇಕು. ಕುಡುಕ, ಮುದುಕ, ತುಂಬುಬಸುರಿ, ಯಾರ ನಡಿಗೆಯಾದರೂ ಇವಳ ಮೇಜಿಗೇ ಬರುತ್ತಿತ್ತು. ಹಾಗಾಗಿ ಆ ಹೆಸರು.

ಜಪಾನಿನ ಹಳೆಯ ಮಾಂಗಾ ಒಂದನ್ನು, ಅಂದರೆ ಅಲ್ಲಿನ ಚಿತ್ರಕಥೆ ಪುಸ್ತಕವನ್ನು, ಕಂತುಕಂತಾಗಿ ಬರುವ ಅನಿಮೆ ಸರಣಿಯಾಗಿ ಮಾಡುವ ಕೆಲಸದಲ್ಲಿ ಈ ಕಂಪನಿಗೂ ಪಾಲು ಸಿಕ್ಕಿತು. ಅಕ್ಕನಿಗೆ ಅದು ಹೊಸ ಪುಸ್ತಕವಲ್ಲ. ಬುಕ್ ಬೈಂಡಿಂಗ್ ಮಾಡುತ್ತಿದ್ದ ಸೋದರಮಾವನ ಹತ್ತಿರ ರಟ್ಟು ಕಿತ್ತುಹೋಗಿ ಬಂದಿದ್ದನ್ನು ಚಿಕ್ಕಂದಿನಲ್ಲೇ ಕದ್ದು ಓದಿದ್ದಳು. ಒಂದು ಊರು. ಅಲ್ಲಿ ಜನರ ನೆರಳು ಒಂದು ಹೆಜ್ಜೆ ತಡವಾಗಿ ನಡೆಯಲು ಶುರುಮಾಡುತ್ತದೆ. ಮನುಷ್ಯ ನಿಂತ ಮೇಲೂ ನೆರಳು ಇನ್ನೊಂದು ಹೆಜ್ಜೆ ಇಡುತ್ತದೆ. ಅಷ್ಟೇ. ರಕ್ತವಿಲ್ಲ, ಕೋರೆಹಲ್ಲಿಲ್ಲ. ಅದನ್ನೋದಿದ ಮೇಲೆ ಎಷ್ಟೋ ಕಾಲ ತಮ್ಮನನ್ನು ಬಚ್ಚಲ ಬಾಗಿಲಲ್ಲಿ ಕಾವಲು ನಿಲ್ಲಿಸುತ್ತಿದ್ದಳಂತೆ.

ಮೊದಲ ಕಂತಿಗೆ ಬೇಕಾದಷ್ಟು ಸಮಯ ಕೊಟ್ಟರು. ಅಕ್ಕ ಮನೆಯ ಗೋಡೆಗೆ ಟಾರ್ಚ್ ಬಿಟ್ಟು, ಲಿಫ್ಟ್ ರಿಪೇರಿ ಮಾಡುವ ಗಂಡನನ್ನು ಅತ್ತಿಂದಿತ್ತ ನಡೆಸಿ ನಡೆಸಿ, ನೋಡಿ ಬರೆದಳು. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. 'ಪುಸ್ತಕದ ಮಸಿಗೆ ಉಸಿರು ಬಂದಿದೆ' ಎಂದು ಒಬ್ಬ ಬರೆದ. ಹೊಗಳಿಕೆಯೆಲ್ಲ ನಿರ್ದೇಶಕನ ಹೆಸರಿಗೆ ಹೋಯಿತು. ಹೋಗಲಿ.

ಎರಡನೆಯ ಕಂತಿನ ಹೊತ್ತಿಗೆ ಮೇಲಿನವರ ಕೈ ಬಿಗಿಯಾಯಿತು. ಸೂಪರ್‌ವೈಸರ್ ಮೇಜಿನ ಹತ್ತಿರ ಬಂದು ನಿಂತ.

"ಇನ್ಮೇಲೆ ಹೆಜ್ಜೆಗೆ ಎರಡೇ ಚಿತ್ರ ಅಕ್ಕಾ. ಉಳಿದದ್ದಕ್ಕೆ ಹಿಂದಿರೋ ಬೀದಿಯ ಚಿತ್ರವನ್ನ ಪಕ್ಕಕ್ಕೆ ಎಳೆದುಬಿಡೋಣ, ನಡೆದ ಹಾಗೆ ಕಾಣುತ್ತೆ."

"ನೆರಳು ಹಿಂದೆ ಬೀಳೋದೇ ಕತೆ ಸಾರ್. ಎರಡು ಚಿತ್ರದಲ್ಲಿ ಹಿಂದೆ ಬೀಳೋಕೆ ಜಾಗ ಎಲ್ಲಿದೆ?"

"ಜಾಗ ಇಲ್ದಿದ್ರೆ ಬೀಳೋದು ಬೇಡ ಬಿಡಿ."

ಬೀಳಲಿಲ್ಲ. ಮನುಷ್ಯನೂ ನೆರಳೂ ಜೋಡಿಯಾಗಿ, ಕಾಲೇ ಎತ್ತದೆ, ಬೀದಿಯುದ್ದಕ್ಕೂ ಜಾರಿಕೊಂಡು ಹೋದರು. ಮನೆಯಲ್ಲಿ ಫೋನಿನಲ್ಲಿ ನೋಡಿದ ಅತ್ತೆ, "ಇವನೇನೇ, ಸೋಪಿನ ನೀರು ತುಳಿದಿದ್ದಾನಾ?" ಎಂದು ಕೇಳಿದರು. ಮೊದಲ ಕಂತನ್ನು ಹೊಗಳಿದ ವಿಮರ್ಶಕನೇ 'ದೆವ್ವಕ್ಕೆ ಚಕ್ರ ಕಟ್ಟಿದ್ದಾರೆ' ಎಂದು ಬರೆದ. ಜನ ಆ ತುಣುಕಿಗೆ ಕಾಮಿಡಿ ಸಂಗೀತ ಜೋಡಿಸಿ ಹಂಚಿದರು. ಸರಣಿ ಬರುವ ಆ್ಯಪ್‌ನಲ್ಲಿ ಒಂದೊಂದೇ ನಕ್ಷತ್ರ ಕೊಟ್ಟು ಉಗಿದರು.

ಅಕ್ಕ ವಿಮರ್ಶೆಯನ್ನು ಪೂರ್ತಿ ಓದಿ, "ಸರಿಯಾಗೇ ಬೈದಿದ್ದಾನೆ. ನಾನಾಗಿದ್ರೆ ಇನ್ನೂ ಬೈತಿದ್ದೆ" ಅಂದಳು.

ಆಗ ಕಂಪನಿ ಒಂದು ಉಪಾಯ ಹೂಡಿತು. ಕೂಲಿ ಬೇಕಾದವರೆಲ್ಲ ತಂತಮ್ಮ ಫೋನಿನಿಂದ ಐದು ನಕ್ಷತ್ರ ಒತ್ತಿ, ಕೆಳಗೆ ಎರಡು ಒಳ್ಳೆಯ ಮಾತು ಬರೆದು ಸೂಪರ್‌ವೈಸರ್‌ಗೆ ತೋರಿಸಬೇಕು. ಎಲ್ಲರೂ ಒತ್ತಿದರು. ಅವರನ್ನು ನಾವು ಬೈಯುವುದಿಲ್ಲ, ಮನೆ ಬಾಡಿಗೆ ಕಟ್ಟುವವರು ಅವರು. ಅಕ್ಕ ಒತ್ತಲಿಲ್ಲ.

ಗಂಡ ರೇಗಿದ. "ಒಂದು ಗುಂಡಿ ಒತ್ತಿದ್ರೆ ಬೆರಳು ಸವೆದುಹೋಗುತ್ತಾ? ನಾನು ದಿನಾ ಎಷ್ಟು ಗುಂಡಿ ಒತ್ತಲ್ಲ!"

"ರಿಪೇರಿ ಆಗದ ಲಿಫ್ಟಿಗೆ ಸರಿಯಾಗಿದೆ ಅಂತ ಚೀಟಿ ಅಂಟಿಸಿ ಬರ್ತೀರಾ ನೀವು?"

"ಅದರಲ್ಲಿ ಜನ ಸಾಯ್ತಾರೆ ಕಣೇ. ಇದರಲ್ಲಿ ಯಾರು ಸತ್ರು?"

"ನೆರಳು."

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಸುಳ್ಳು ಹೇಳೋಕೆ ಬರದವಳನ್ನ ಹುಡುಕಿ ತಂದಿದ್ದು ನಾವೇ ಅಲ್ವೇನೋ. ಅನುಭವಿಸು."

ಮರುದಿನ ಅಕ್ಕ ನೇರ ಸೂಪರ್‌ವೈಸರ್ ಮುಂದೆ ಹೋಗಿ ನಿಂತಳು.

"ಚಕ್ರ ಕಟ್ಟಿದ ದೆವ್ವ ಬರೆದವಳು ನಾನೇ. ದರಿದ್ರವಾಗಿದೆ. ನೀವು ಹಾಗೇ ಬರೀರಿ ಅಂದ್ರಿ, ಬರೆದೆ. ಆ ದರಿದ್ರ ಕೆಲಸದ ಕೂಲಿ ಕೊಡಿ."

"ಚೆನ್ನಾಗಿದೆ ಅಂತ ಒಂದು ಸಾಲು ಹಾಕಿ, ಈಗಲೇ ಕೊಡ್ತೀನಿ."

"ಬಾಡಿಗೆಗೆ ಕೊಟ್ಟಿರೋದು ಕೈ ಸಾರ್. ಕಣ್ಣು ಕೊಟ್ಟಿಲ್ಲ."



ಮೂರನೆಯ ಕಂತಿನ ಹಾಳೆಗಳು ಅವಳ ಮೇಜಿಗೆ ಬರಲಿಲ್ಲ. ಈಗ ಅಂಗಡಿಗಳ ಬೋರ್ಡ್ ಬರೆಯುತ್ತಾಳೆ. ಬಿಡುವಾದಾಗ ಬಂದು ಟೈರ್ ಅಂಗಡಿ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಾಳೆ. ಚಿತ್ರ ಬರೆಯುವ ಕೂಲಿಗಳ ಸಂಘದವರಾದ ನಾವೂ ಜೊತೆಗೆ ಕೂರುತ್ತೇವೆ. ಸೂಪರ್‌ವೈಸರ್ ಹತ್ತಿ ಇಳಿಯುವಾಗ ನಮ್ಮನ್ನು ದಾಟಿಕೊಂಡು ಹೋಗಬೇಕು. ಅವನು ಕಾಲೆತ್ತಿ ಇಡುವುದನ್ನು ಅಕ್ಕ ಗಮನವಿಟ್ಟು ನೋಡುತ್ತಾಳೆ. ವಿಮರ್ಶೆ ಕೆಟ್ಟದ್ದು ಬಂತು, ಕಂಪನಿಗೆ ನಷ್ಟ ಎಂದು ಅವನು ಪ್ರತಿ ಸಲವೂ ಅದೇ ಪಾಠ ಒಪ್ಪಿಸುತ್ತಾನೆ. ಎರಡು ಚಿತ್ರ ಸಾಕು ಅಂದವನ ಸಂಬಳವನ್ನು ಮಾತ್ರ ಯಾವ ವಿಮರ್ಶೆಯೂ ಮುಟ್ಟಿಲ್ಲ.

ಇನ್ನು ನಿಮ್ಮ ಸರದಿ. ಆ ಜಾರುವ ನೆರಳನ್ನು ನೋಡಿ ನಕ್ಕವರಲ್ಲಿ ನೀವೂ ಇರಬಹುದು. ಒಂದು ನಕ್ಷತ್ರ ಕೊಟ್ಟಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬೇಡಿ, ಅಕ್ಕನೂ ಒಪ್ಪುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ನಡಿಗೆ ಬರೆದವಳ ಕೂಲಿ ಕೊಡಿ. ಫೋನು ನಿಮ್ಮ ಕೈಯಲ್ಲೇ ಇದೆ. ಬರೆಯಿರಿ.