ದಾರಿಯಲ್ಲಿದ್ದ ಗೋಣಿಚೀಲಗಳು ಯಾರವು?

೧೯೭೯ರಲ್ಲಿ ನಾನು ತಿಪಟೂರು ಭಾಗದ ಸಹಕಾರ ಸಂಘಗಳಿಗೆ ಲೆಕ್ಕಪರಿಶೋಧಕನಾಗಿದ್ದೆ. ಆಗ ಸಂಘಗಳ ಲೆಕ್ಕದ ವರ್ಷ ಜೂನ್ ಕೊನೆಗೆ ಮುಗಿಯುತ್ತಿತ್ತು. ಕೊಬ್ಬರಿ ಮಾರುವ ಒಂದು ಬೆಳೆಗಾರರ ಸಂಘಕ್ಕೆ ಆಡಿಟ್‌ಗೆಂದು ಹೋದಾಗ, ಲೆಕ್ಕ ಬರೆಯುತ್ತಿದ್ದ ಸಾವಿತ್ರಮ್ಮ ಕಾಣಲಿಲ್ಲ.

“ಸಸ್ಪೆಂಡ್ ಮಾಡಿದೀವಿ ಕಣ್ರೀ. ಬರದೇ ಇರೋ ಸರಕಿಗೆ ಬಾಕಿ ಬರೆದವ್ಳೆ. ವ್ಯಾಪಾರಿ ಹತ್ರ ಕಮಿಷನ್ ತಿಂದಿರ್ಬೇಕು,” ಎಂದರು ಅಧ್ಯಕ್ಷ ಶಿವನಂಜಪ್ಪ.

ಆ ಬಾಕಿ ಏನೆಂದು ನೋಡಿದೆ. ಕೊಬ್ಬರಿ ತುಂಬಲು ಕಲ್ಕತ್ತೆಯಿಂದ ಗೋಣಿಚೀಲ ತರಿಸಿದ್ದರು. ಜೂನ್ ಮುಗಿಯುವ ಮುನ್ನವೇ ಅಲ್ಲಿ ವ್ಯಾಗನ್‌ಗೆ ತುಂಬಿದ್ದಾಗಿತ್ತು. ತಿಪಟೂರು ಮುಟ್ಟಿದ್ದು ಜುಲೈನಲ್ಲಿ. ಕರಾರು ‘ಎಫ್.ಓ.ಆರ್. ಕಲ್ಕತ್ತ’. ಅಂದರೆ, ಅಲ್ಲಿ ರೈಲಿಗೆ ಏರಿಸುವವರೆಗಷ್ಟೇ ಮಾರುವವನ ಹೊಣೆ. ಆಮೇಲೆ ಸರಕು ಕೊಂಡವರದು. ದಾರಿಯಲ್ಲಿ ನೆಂದರೂ ಕಳೆದರೂ ನಷ್ಟ ಅವರದೇ. ‘ಎಫ್.ಓ.ಆರ್. ತಿಪಟೂರು’ ಎಂದಿದ್ದರೆ ಮಾತು ಬೇರೆ. ಹೀಗಾಗಿ ವರ್ಷದ ಕೊನೆಗೆ ಚೀಲಗಳನ್ನು ದಾಸ್ತಾನಿಗೂ, ಅವುಗಳ ಬೆಲೆಯನ್ನು ಕೊಡಬೇಕಾದ ಬಾಕಿಗೂ ಸೇರಿಸಲೇಬೇಕು. ಸಾವಿತ್ರಮ್ಮ ಮಾಡಿದ್ದು ಅಷ್ಟೇ.

ಅಧ್ಯಕ್ಷರು ಆ ಬಾಕಿಯನ್ನು ಹೊಡೆದುಹಾಕಿಸಿದ್ದರು. ದಾಸ್ತಾನನ್ನೂ ತೆಗೆಸಿದರೇ? ಇಲ್ಲ! ಚೀಲಗಳು ಸಂಘದ ಆಸ್ತಿಯಾಗಿ ಹಾಗೇ ಉಳಿದಿದ್ದವು. ನಷ್ಟದಲ್ಲಿದ್ದ ಸಂಘ ಕಾಗದದ ಮೇಲೆ ಲಾಭ ಕಂಡಿತ್ತು. ಆಡಳಿತ ಮಂಡಳಿಯ ಚುನಾವಣೆ ಹತ್ತಿರದಲ್ಲಿತ್ತು.

ಮರುದಿನ ಸಾವಿತ್ರಮ್ಮ ಶೆಟ್ಟಿಕೆರೆಯಿಂದ ಬಸ್ಸು ಹಿಡಿದು ಬಂದರು. “ಕಳ್ಳಿ ಅಂತ ಊರೆಲ್ಲಾ ಹೇಳ್ಕಂಡು ಬಂದವ್ರೆ ಸಾರ್. ನನ್ ತಂಗೀನ ನೋಡಕ್ಕೆ ಬರಬೇಕಿದ್ದೋರು ಬರಲೇ ಇಲ್ಲ.”

ನೇರ ಅಧ್ಯಕ್ಷರ ಕೋಣೆಗೆ ಹೋಗಿ, “ಚೀಲ ನಿಮ್ಮದಾದರೆ ಅದರ ಸಾಲ ಯಾರದು?” ಎಂದೆ.

“ಬಿಲ್ಲನ್ನ ಮುಂದಿನ ವರ್ಷಕ್ಕೆ ಬರ್ಕಂಡ್ರಾಯ್ತು ಬುಡಿ ಸಾರ್. ನೀವು ನಾಕು ದಿನ ಇದ್ದು ಹೋಗೋರು.”

ಹೋಗುವ ಮುನ್ನ ಬಾಕಿಯನ್ನು ಮತ್ತೆ ಸೇರಿಸಿದೆ, ಕಾಗದದ ಲಾಭ ಹೋಗಿ ನಷ್ಟ ಕಂಡಿತು. ಸಾವಿತ್ರಮ್ಮನ ಬರಹ ಸರಿಯೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದೆ. ಸರ್ವಸದಸ್ಯರ ಸಭೆಗೆ ನಾನೂ ಹೋಗಿದ್ದೆ; ಅಲ್ಲಿ ವರದಿ ಓದುವಾಗ ಅಧ್ಯಕ್ಷರು ಆ ಮಾತನ್ನೇ ನುಂಗಿ ಮುಂದಕ್ಕೆ ಓದತೊಡಗಿದರು. ನಾನು ಎದ್ದು ನಿಂತು ಅದನ್ನು ಓದಿದೆ.

ಕೆಂಕೆರೆಯ ಸದಸ್ಯ ರಂಗಪ್ಪ ಕೇಳಿದರು: “ಆಯಮ್ಮ ಮಾಡಿದ್ದು ಸರಿ ಅಂದ್ಮೇಲೆ ಮನೆಗ್ಯಾಕ್ ಕಳಿಸಿದ್ರಿ? ಅದ ಹೇಳ್ರಿ ಮೊದ್ಲು.”

“ಆಯ್ತು, ನಾಳೆಯಿಂದ ಕೆಲಸಕ್ಕೆ ಬಾರಮ್ಮ,” ಎಂದು ಅಧ್ಯಕ್ಷರು ಮಾತು ಮುಗಿಸಲು ನೋಡಿದರು.

ಹಿಂದೆ ಕೂತಿದ್ದ ಸಾವಿತ್ರಮ್ಮ ಎದ್ದರು. “ಕಳ್ಳಿ ಅಂದಿದ್ದು ನಾಕು ಜನರ ಮುಂದೆ. ತಪ್ಪಾಯ್ತು ಅನ್ನೋದೂ ಇಲ್ಲೇ ಅನ್ನಿ.”

ತಲೆ ಎತ್ತದೆಯೇ ಅಧ್ಯಕ್ಷರು ಅಂದರು, “ತಪ್ಪಾಯ್ತು.” ತಂಗಿಯನ್ನು ನೋಡಬೇಕಿದ್ದವರು ಮಾತ್ರ ಮತ್ತೆ ಬರಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೂ, ‘ಗುಮಾಸ್ತರು ತಪ್ಪು ಬರೆದರು’ ಎಂದು ಯಾರಾದರೂ ಹೇಳಿದಾಗ, ಅದನ್ನು ತಿದ್ದಿದ್ದರಿಂದ ಯಾರಿಗೆ ಅನುಕೂಲವಾಯಿತೆಂದು ಮೊದಲು ನೋಡುತ್ತಿದ್ದೆ.